ಬೆಳಿಗ್ಗೆ ಹಾಕಿ ಹೋದರೆ ಸಂಜೆಗೆ ಊಟ: ಕೊಡಗಿಗೆ ಹೊಸದಾಗಿ ಬಂದವರಿಗೆ ಸ್ಲೋ ಕುಕ್ಕರ್ ಮಾರ್ಗದರ್ಶಿ

ಕೊಡಗಿಗೆ ವರ್ಗವಾಗಿ ಬರುವ ಕುಟುಂಬಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರೇ ಜಾಸ್ತಿ. ಬ್ಯಾಂಕು, ಶಾಲೆ, ಆಸ್ಪತ್ರೆ, ತೋಟದ ಆಫೀಸು, ರೆಸಾರ್ಟು. ಹಿಂದಿನ ಊರಿನಲ್ಲಿ ಸುಸ್ತಾದ ದಿನ ಬೀದಿ ಕೊನೆಯ ಹೋಟೆಲಿನ ಪಾರ್ಸಲ್ ಕೈ ಹಿಡಿಯುತ್ತಿತ್ತು. ಇಲ್ಲಿ ಪೇಟೆ ಬಿಟ್ಟು ನಾಲ್ಕಾರು ಕಿಲೋಮೀಟರ್ ಒಳಗೆ ಮನೆ ಹಿಡಿದರೆ ಆ ಅನುಕೂಲ ಇಲ್ಲ. ಮಳೆಗಾಲದಲ್ಲಂತೂ ಕತ್ತಲಾದ ಮೇಲೆ ಗಾಡಿ ತೆಗೆಯಲು ಮನಸ್ಸೇ ಬರುವುದಿಲ್ಲ. ಹಾಗಾಗಿ ನಮ್ಮ ಸಂಘಕ್ಕೆ ಬರುವ ಹೊಸಬರು ಬಾಡಿಗೆ ಮನೆ, ಗ್ಯಾಸ್, ಮಕ್ಕಳ ಶಾಲೆ ಎಲ್ಲ ವಿಚಾರಿಸಿದ ಮೇಲೆ ಕೇಳುವುದು ಅಡುಗೆಯ ವಿಷಯವನ್ನೇ. ನಮ್ಮ ಸಲಹೆ ಇಷ್ಟು: ಸ್ಲೋ ಕುಕ್ಕರ್ ತೆಗೆದುಕೊಳ್ಳಿ, ಆದರೆ ಪ್ರೆಶರ್ ಕುಕ್ಕರನ್ನು ಅಟ್ಟಕ್ಕೆ ಹಾಕಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಸುತ್ತ ಕಾಯಿಸುವ ಕಾಯಿಲ್, ಮೇಲೆ ಗಾಜಿನ ಮುಚ್ಚಳ. ‘ಲೋ’ದಲ್ಲಿ ಇಟ್ಟರೆ ಏಳೆಂಟು ಗಂಟೆ, ‘ಹೈ’ನಲ್ಲಿ ಮೂರ್ನಾಲ್ಕು ಗಂಟೆ. ವಿಷಲ್ ಇಲ್ಲ, ತಳ ಹಿಡಿಯುವ ಭಯ ಇಲ್ಲ. 1971ರಲ್ಲಿ ಅಮೆರಿಕದಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ಇದು ಜನಪ್ರಿಯವಾಯಿತು. ಅದಕ್ಕೂ ಮೊದಲು ಇದೇ ಯಂತ್ರವನ್ನು ಕಾಳು ಬೇಯಿಸಲೆಂದೇ ಮಾರುತ್ತಿದ್ದರು. ಕಾಳು ಸಾರಿನ ನಾಡಿನವರಾದ ನಮಗೆ ಇದು ಹೊಂದುವುದರಲ್ಲಿ ಆಶ್ಚರ್ಯವೇನಿಲ್ಲ.

ನಾಲ್ಕು ಜನರ ಮನೆಗೆ ಮೂರೂವರೆ ಲೀಟರಿನದು ಸಾಕು. ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಬೇಕು. ದೊಡ್ಡದು ತಂದು ತಳದಲ್ಲಿ ಸ್ವಲ್ಪ ಹಾಕಿದರೆ ಒಣಗಿ ಹೋಗುತ್ತದೆ.

ಕರೆಂಟ್ ವಿಚಾರ

ಕೊಡಗಿನಲ್ಲಿ ಸ್ಲೋ ಕುಕ್ಕರಿಗೆ ಇರುವ ದೊಡ್ಡ ಶತ್ರು ಕರೆಂಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಗೆ ಮರ ಬೀಳುವುದು, ಲೈನ್ ಹರಿಯುವುದು ಮಾಮೂಲು. ಒಳಗಿನ ತೋಟದ ಮನೆಗಳಲ್ಲಿ ಒಂದೆರಡು ದಿನ ಕರೆಂಟ್ ಬರದೇ ಇರುವುದೂ ಉಂಟು. ಆದ್ದರಿಂದ ಕೊಳ್ಳುವಾಗಲೇ ಒಂದು ವಿಷಯ ಯೋಚಿಸಿ. ಬಟನ್ ಒತ್ತುವ ಡಿಜಿಟಲ್ ಮಾಡೆಲ್‌ಗಳಲ್ಲಿ ಹೆಚ್ಚಿನವು ಕರೆಂಟ್ ಹೋಗಿ ಬಂದರೆ ತಾವಾಗಿ ಶುರುವಾಗುವುದಿಲ್ಲ. ಸಂಜೆ ಬಂದು ನೋಡಿದರೆ ಅರ್ಧ ಬೆಂದ ಮಾಂಸ ತಣ್ಣಗೆ ಕೂತಿರುತ್ತದೆ. ತಿರುಗಿಸುವ ನಾಬ್ ಇರುವುದು ಕರೆಂಟ್ ಬಂದ ತಕ್ಷಣ ಮತ್ತೆ ಕಾಯುತ್ತದೆ. ಇಲ್ಲಿಗೆ ನಾಬ್ ಇರುವುದೇ ವಾಸಿ ಎಂದು ನಮ್ಮ ಅಭಿಪ್ರಾಯ.

ಆದರೆ ನಾಬಿನದರಲ್ಲಿ ಇನ್ನೊಂದು ತೊಂದರೆ. ಮಧ್ಯೆ ಎಷ್ಟು ಹೊತ್ತು ನಿಂತಿತ್ತು ಅಂತ ಗೊತ್ತೇ ಆಗುವುದಿಲ್ಲ. ಬೇಯುತ್ತಿದ್ದ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿದು ಎರಡು ಗಂಟೆಗಿಂತ ಜಾಸ್ತಿ ಕೂತಿದ್ದರೆ, ಮತ್ತೆ ಕುದಿಸಿದರೂ ಮಾಂಸ ನಂಬುವಂತಿಲ್ಲ. ಚೆಲ್ಲಲು ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿ. ಮಳೆಗಾಲದಲ್ಲಿ ನಾವು ಹೇಳುವುದು: ಹಗಲು ಬೇಡ, ರಾತ್ರಿ ಮಲಗುವಾಗ ಹಾಕಿ. ಮನೆಯಲ್ಲೇ ಇರುತ್ತೀರಿ, ಫ್ಯಾನೋ ರಾತ್ರಿ ದೀಪವೋ ಆರಿದರೆ ಎಚ್ಚರವಾಗಬಹುದು. ಕರೆಂಟ್ ಹೋದ ಕೂಡಲೇ ಗ್ಯಾಸಿನ ಮೇಲಿನ ಪಾತ್ರೆಗೆ ಸುರಿದುಬಿಡಿ. ಇನ್ವರ್ಟರ್ ಇರುವ ಮನೆಯಾದರೆ ಆ ಲೈನಿನ ಸಾಕೆಟ್ಟಿಗೇ ಹಾಕಿ. 200 ವ್ಯಾಟ್ ಅದಕ್ಕೆ ದೊಡ್ಡ ಭಾರವಲ್ಲ.

ವೋಲ್ಟೇಜ್ ಕಡಿಮೆಯಾದರೂ ಅಡುಗೆ ಕೆಡುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. 230 ಇರಬೇಕಾದ ಕಡೆ 180 ವೋಲ್ಟ್ ಬರುತ್ತಿದ್ದರೆ, 200 ವ್ಯಾಟಿನ ಕುಕ್ಕರ್ ಕೊಡುವ ಕಾವು ಸುಮಾರು 120 ವ್ಯಾಟಿನಷ್ಟೇ. ಟ್ಯೂಬ್‌ಲೈಟ್ ಮಿಣುಕುವ ದಿನ ‘ಲೋ’ ಬೇಡ, ‘ಹೈ’ಗೆ ತಿರುಗಿಸಿ.

ಬಿಲ್ಲಿನ ಭಯ ಬೇಡ. 200 ವ್ಯಾಟ್, ಎಂಟು ಗಂಟೆ ಅಂದರೆ ಹೆಚ್ಚೆಂದರೆ ಒಂದೂವರೆ ಯೂನಿಟ್ ಚಿಲ್ಲರೆ. ದಿನಾ ಹಾಕಿದರೂ ತಿಂಗಳಿಗೆ 48 ಯೂನಿಟ್. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ಲೆಕ್ಕ ಹಾಕುತ್ತಾರೆ, 200 ಮೀರುವಂತಿಲ್ಲ. ಹೊಸ ಬಾಡಿಗೆ ಮನೆಯಲ್ಲಿ ನಿಮಗೆ ಎಷ್ಟು ಸಿಗುತ್ತದೆ ಅಂತ ಬಿಲ್ ನೋಡಿಕೊಂಡು ದಿನಾ ಹಾಕುವುದೋ ವಾರಕ್ಕೆ ಮೂರು ದಿನವೋ ತೀರ್ಮಾನಿಸಿ.

ಎತ್ತರ, ಚಳಿ

ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೇ. ಕೆಳಗಿನ ಊರಿನಿಂದ ಬಂದವರು ‘ಈ ಬೇಳೆ ಯಾಕೆ ಬೇಯಲ್ಲ’ ಅನ್ನುವುದು ಇದಕ್ಕೇ. ಅಂಗಡಿಯವರ ತಪ್ಪಲ್ಲ. ಕುಕ್ಕರ್ ಜೊತೆ ಬರುವ ಪುಸ್ತಕದಲ್ಲಿ ಎಂಟು ಗಂಟೆ ಅಂದಿದ್ದರೆ ಮಡಿಕೇರಿ ಕಡೆ ಒಂಬತ್ತು ಇಟ್ಟುಕೊಳ್ಳಿ. ಕುಶಾಲನಗರ ತಗ್ಗಿನಲ್ಲಿದೆ, ಅಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ನಲ್ಲಿ ನೀರು ಐಸ್ ಥರ ಇರುತ್ತದೆ. ಅದನ್ನು ಹಾಕಿದರೆ ಬಿಸಿಯಾಗುವುದರಲ್ಲೇ ಸಮಯ ಹೋಗುತ್ತದೆ. ಕಾಫಿಗೆ ನೀರಿಡುವಾಗ ಇದಕ್ಕೂ ಸೇರಿಸಿ ಕಾಯಿಸಿ ಸುರಿಯಿರಿ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೇ ಹಾಕಬೇಡಿ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿಡಿ. ಮುಚ್ಚಳವನ್ನು ಪದೇ ಪದೇ ಎತ್ತಬೇಡಿ. ಒಂದು ಸಲ ಎತ್ತಿದರೆ ಇಪ್ಪತ್ತು ಮೂವತ್ತು ನಿಮಿಷ ಹಿಂದಕ್ಕೆ ಹೋದ ಹಾಗೆ.

ಏನು ಮಾಡಬಹುದು

ಹುರುಳಿಕಾಳು ಸಾರಿನಿಂದ ಶುರು ಮಾಡಿ. ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿನೀರು, ಈರುಳ್ಳಿ, ಬೆಳ್ಳುಳ್ಳಿ ಜೊತೆ ಹಾಕಿ ಹೋದರೆ ಸಂಜೆಗೆ ಕಾಳು ಬೆಣ್ಣೆಯ ಹಾಗೆ. ಹುಣಸೆಹುಳಿ, ಟೊಮೇಟೊ ಮೊದಲೇ ಬೇಡ. ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಮನೆಗೆ ಬಂದು ಖಾರ, ಹುಳಿ ಹಾಕಿ, ಅರ್ಧ ಗಂಟೆ ‘ಹೈ’ನಲ್ಲಿ ಬಿಟ್ಟು, ಒಗ್ಗರಣೆ ಕೊಟ್ಟರೆ ಆಯಿತು. ಕಡಲೆಕಾಳು, ಅವರೆಕಾಳು ಎಲ್ಲಕ್ಕೂ ಇದೇ ಕ್ರಮ.

ರಾಜ್ಮಾ ಮಾತ್ರ ಬೇರೆ. ಅದರಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ. ಜೋರಾಗಿ ಕುದಿಸಿದರೆ ಹೋಗುತ್ತದೆ, ಸ್ಲೋ ಕುಕ್ಕರಿನ ಮಂದ ಕಾವಿನಲ್ಲಿ ಹೋಗುವುದಿಲ್ಲ, ಬದಲಿಗೆ ಹೆಚ್ಚುವುದೂ ಉಂಟು. ನೆನೆಸಿದ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಗ್ಯಾಸಿನ ಮೇಲೆ ಅರ್ಧ ಗಂಟೆ ಕುದಿಸಿ ಆಮೇಲೆ ಹಾಕಿ. ಸಂತೆಯಲ್ಲಿ ಸಿಗುವ ಬೀನ್ಸ್ ಕಾಳನ್ನೂ ಹೀಗೇ ಕುದಿಸಿಕೊಳ್ಳಿ.

ಮಾಂಸ ತಿನ್ನುವವರಿಗೆ ಈ ಜಿಲ್ಲೆಯಲ್ಲಿ ಸ್ಲೋ ಕುಕ್ಕರ್ ಇದ್ದರೆ ಅದೃಷ್ಟ. ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಸಾರು) ಮೊದಲಿನಿಂದಲೂ ಅವಸರದ ಅಡುಗೆಯಲ್ಲ. ಚರ್ಮ, ಕೊಬ್ಬು ಸೇರಿದ ಒಂದು ಕೆಜಿ ಮಾಂಸಕ್ಕೆ ಅರಿಸಿನ, ಉಪ್ಪು, ಖಾರದ ಪುಡಿ ಸವರಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ರುಬ್ಬಿ ಹಾಕಿ. ನೀರು ಬೇಡ, ಮಿಕ್ಸಿ ಜಾರ್ ತೊಳೆದ ನೀರೇ ಸಾಕು. ಇಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ, ಮಾಂಸವೂ ಬಿಡುತ್ತದೆ. ‘ಲೋ’ದಲ್ಲಿ ಎಂಟು ಗಂಟೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಸಾಸಿವೆ, ನಾಲ್ಕು ಕಾಳು ಮೆಂತ್ಯ ಕಪ್ಪಗೆ ಆಗುವ ತನಕ ಹುರಿದು ಪುಡಿ ಮಾಡಬೇಕಲ್ಲ, ಅದನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ. ಭಾನುವಾರ ಒಮ್ಮೆಗೆ ಹುರಿದು ಬಿಗಿ ಡಬ್ಬಿಯಲ್ಲಿ ಇಡಿ. ಮಳೆಗಾಲದಲ್ಲಿ ಡಬ್ಬಿ ಫ್ರಿಜ್ಜಿನಲ್ಲಿರಲಿ, ಇಲ್ಲದಿದ್ದರೆ ಮುದ್ದೆ ಕಟ್ಟುತ್ತದೆ. ಈ ಪುಡಿ, ಒಂದೆರಡು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಕೊನೆಯ ಅರ್ಧ ಗಂಟೆಗೆ. ಕಾಚಂಪುಳಿ ಹೊಸದಾಗಿ ಬಳಸುವವರು ಒಂದೇ ಚಮಚದಿಂದ ಶುರು ಮಾಡಿ, ಅದರ ಹುಳಿ ಜೋರು. ವಿನೆಗರ್ ಹಾಕಿ ಇದೇ ರುಚಿ ಬರುತ್ತದೆ ಅನ್ನುವವರ ಮಾತು ಕೇಳಬೇಡಿ. ಜೊತೆಗೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಮಾಡಲು ಪುರುಸೊತ್ತಿಲ್ಲದಿದ್ದರೆ ಅನ್ನವೇ ಸಾಕು, ಯಾರೂ ಏನೂ ಅನ್ನುವುದಿಲ್ಲ.

ನಾಟಿ ಕೋಳಿಗೂ ಇಷ್ಟೇ ಹೊತ್ತು ಬೇಕು. ಬ್ರಾಯ್ಲರಿಗೆ ನಾಲ್ಕೈದು ಗಂಟೆ ಸಾಕು, ಜಾಸ್ತಿಯಾದರೆ ನಾರುನಾರು. ತೆಂಗಿನಹಾಲು ಯಾವುದಕ್ಕಾದರೂ ಕೊನೆಗೇ ಹಾಕಿ, ಮೊದಲೇ ಹಾಕಿದರೆ ಒಡೆಯುತ್ತದೆ.

ಮಳೆಗಾಲದಲ್ಲಿ ಪಕ್ಕದ ಮನೆಯವರು ಕಣಿಲೆ (ಎಳೆ ಬಿದಿರಿನ ಮೊಳಕೆ) ಕೊಟ್ಟರೆ ಖುಷಿಯಿಂದ ತೆಗೆದುಕೊಳ್ಳಿ, ಆದರೆ ಹಸಿಯದನ್ನು ನೇರವಾಗಿ ಇದಕ್ಕೆ ಹಾಕಬೇಡಿ. ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿಟ್ಟು, ಮುಚ್ಚಳ ತೆರೆದು ಕುದಿಸಿ ಆ ನೀರು ಚೆಲ್ಲಬೇಕು. ಕೊಟ್ಟವರನ್ನೇ ಕೇಳಿ, ಅವರು ಸರಿಯಾಗಿ ಹೇಳಿಕೊಡುತ್ತಾರೆ.

ಆಗಸ್ಟ್ ಮೊದಲ ವಾರ, ಕಕ್ಕಡ 18ರ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಹೊತ್ತಿಗೆ, ಔಷಧಿ ಗುಣವಿದೆ ಎಂದು ನಂಬುವ ಮದ್ದು ಸೊಪ್ಪಿನ ಕಟ್ಟು ಸಂತೆಗೆ ಬರುತ್ತದೆ. ಸೊಪ್ಪನ್ನು ಕುದಿಸಿದರೆ ಕಡು ನೇರಳೆ ನೀರು ಸಿಗುತ್ತದೆ. ಸೋಸಿ, ಆ ನೀರಿನಲ್ಲಿ ಅಕ್ಕಿಯನ್ನು ‘ಹೈ’ನಲ್ಲಿ ಮೂರು ಗಂಟೆ ಬಿಟ್ಟು, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಪಾಯಸ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಗಾಬರಿಯಾಗಿ ಡಾಕ್ಟರ ಹತ್ತಿರ ಓಡಬೇಡಿ, ಅದು ಸೊಪ್ಪಿನ ಬಣ್ಣ. ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ದಿನದ ಅನ್ನ, ಪಲ್ಯ, ತಿಳಿಸಾರು ಇದರಲ್ಲಿ ಮಾಡಲು ಹೋಗಬೇಡಿ. ಅನ್ನ ಗಂಜಿಯಾಗುತ್ತದೆ, ಪಲ್ಯ ಪಲ್ಯವಾಗಿ ಇರುವುದಿಲ್ಲ. ಅದಕ್ಕೆಲ್ಲ ಪ್ರೆಶರ್ ಕುಕ್ಕರ್, ಬಾಣಲೆ ಇವೆಯಲ್ಲ.

ಸಾಮಾನಿಗೆ ವಾರದ ಸಂತೆ ನೋಡಿಕೊಳ್ಳಿ: ಮಡಿಕೇರಿಯಲ್ಲಿ ಶುಕ್ರವಾರ, ಕುಶಾಲನಗರದಲ್ಲಿ ಮಂಗಳವಾರ, ಸೋಮವಾರಪೇಟೆಯಲ್ಲಿ ಸೋಮವಾರ. ಕಾಳು, ಬೆಳ್ಳುಳ್ಳಿ, ತೆಂಗಿನಕಾಯಿ ವಾರಕ್ಕಾಗುವಷ್ಟು ಒಮ್ಮೆಗೆ ತಂದಿಟ್ಟರೆ ಬೆಳಗಿನ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಕೊಳ್ಳುವ ಮೊದಲು ಬಳಸಿ ನೋಡಬೇಕು ಅನ್ನುವವರಿಗೆ ಸಂಘದಲ್ಲಿ ಒಂದು ಕುಕ್ಕರ್ ಇದೆ. ವಾರದ ಮಟ್ಟಿಗೆ ಒಯ್ಯಬಹುದು, ರಿಜಿಸ್ಟರಿನಲ್ಲಿ ಬರೆದು ಹೋಗಿ. ತೊಳೆಯುವಾಗ ಬಿಸಿ ಪಾತ್ರೆಗೆ ತಣ್ಣೀರು ಹಾಕಬೇಡಿ, ಪಿಂಗಾಣಿ ಸೀಳುತ್ತದೆ. ಹಂದಿ ಮಾಂಸ ತಿನ್ನದ ಮನೆಗಳಿಗೂ ಅದೇ ಹೋಗುತ್ತದೆ, ಆದ್ದರಿಂದ ದಯವಿಟ್ಟು ಸಂಘದ ಕುಕ್ಕರಿನಲ್ಲಿ ಕಾಳು, ತರಕಾರಿ, ಪಾಯಸ ಮಾತ್ರ ಮಾಡಿ.