ಬೈಗುಳಕ್ಕೆ ಬೆಳಗಿನವರೆಗೆ ಬೀಗ

2023ರ ನವೆಂಬರ್ 19ರ ರಾತ್ರಿ ನಾನು ಮಗನ ಮೇಲೆ ಸುಮ್‌ಸುಮ್ನೆ ರೇಗಿದೆ. ಅವನು ಮಾಡಿದ ತಪ್ಪು ಇಷ್ಟೇ: ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಬೌಂಡರಿ ಬಾರಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಕೂತು ಯಾವುದಕ್ಕೋ ಜೋರಾಗಿ ನಕ್ಕಿದ್ದು.

ಸತತ 10 ಪಂದ್ಯ ಗೆದ್ದು ಫೈನಲ್‌ಗೆ ಬಂದ ನಮ್ಮ ತಂಡ 240ಕ್ಕೆ ಆಲೌಟ್ ಆಗಿತ್ತು. ಆಸ್ಟ್ರೇಲಿಯಾ 47ಕ್ಕೆ 3 ವಿಕೆಟ್ ಕಳೆದುಕೊಂಡಾಗ ಸ್ವಲ್ಪ ಆಸೆ ಚಿಗುರಿತ್ತು. ಆಮೇಲೆ ಹೆಡ್ 137 ಹೊಡೆದ. 7 ಓವರ್ ಬಾಕಿ ಇರುವಾಗಲೇ ಕಥೆ ಮುಗಿಯಿತು. ನಾನು ಟಿವಿ ಆರಿಸಿ ಮೊಬೈಲ್ ಎತ್ತಿಕೊಂಡೆ. ನಮ್ಮ ಒಬ್ಬ ಬ್ಯಾಟರ್ ಮೇಲೆ ಉದ್ದಕ್ಕೆ ಬರೆದು ಹಾಕಿದೆ. ನಿಧಾನವಾಗಿ ಆಡಿ ಪಂದ್ಯ ಕೆಡಿಸಿದವನು ಇವನೇ ಎಂದು. ಬೈಗುಳವೂ ಇತ್ತು, ಅದನ್ನು ಇಲ್ಲಿ ಹೇಳುವುದಿಲ್ಲ. ಮಲಗಿದಾಗ ಎರಡು ಗಂಟೆ ದಾಟಿತ್ತು.

ಬೆಳಿಗ್ಗೆ ಎದ್ದು ಸ್ಕೋರ್‌ಕಾರ್ಡ್ ತೆಗೆದೆ. ನಾನು ಬೈದಿದ್ದ ಆಟಗಾರನದೇ ತಂಡದಲ್ಲಿ ಅತಿ ಹೆಚ್ಚು ರನ್, 66. ಹನ್ನೊಂದನೇ ಓವರ್‌ನಿಂದ ಕೊನೆಯವರೆಗೆ ಇಡೀ ತಂಡ ಹೊಡೆದದ್ದು ನಾಲ್ಕೇ ಬೌಂಡರಿ. ಪಿಚ್ ನಿಧಾನವಾಗಿತ್ತು, ಅವರ ಬೌಲಿಂಗ್ ಮತ್ತು ಫೀಲ್ಡಿಂಗ್ ಬಿಗಿಯಾಗಿತ್ತು. ಒಬ್ಬನ ತಲೆಗೆ ಕಟ್ಟುವ ಸೋಲು ಅದಾಗಿರಲಿಲ್ಲ. ಬರೆದದ್ದನ್ನು ಅಳಿಸಿದೆ. ಮಗನಿಗೆ ಸಾರಿ ಹೇಳಿದೆ. ಅವನು "ಯಾಕೆ?" ಎಂದ. ಆಗಲೇ ಮರೆತಿದ್ದ!

ಅಲ್ಲಿಂದ ನಾನು ಒಂದು ನಿಯಮ ಮಾಡಿಕೊಂಡೆ. ಸೋತ ರಾತ್ರಿ ಏನನ್ನೂ ಬರೆಯುವುದಿಲ್ಲ. ಬೈಯಲೇಬೇಕೆಂದಿದ್ದರೆ ಬೆಳಿಗ್ಗೆ, ಸ್ಕೋರ್‌ಕಾರ್ಡ್ ಪೂರ್ತಿ ಓದಿದ ಮೇಲೆ. ಈವರೆಗೆ ಬೆಳಿಗ್ಗೆ ಬೈಯಬೇಕು ಅನಿಸಿದ್ದು ಎರಡೇ ಸಲ. ಅದೂ ಅಂಪೈರ್‌ಗಳನ್ನು.

ಇದಕ್ಕೂ ಮುಂಚೆ ಬೇರೆ ದಾರಿಗಳನ್ನೂ ನೋಡಿದ್ದೆ. "ಬರೀ ಆಟ ತಾನೇ" ಎಂದು ಹೇಳಿಕೊಂಡೆ. ಹಾಗೆ ಹೇಳಿಕೊಂಡಾಗಲೆಲ್ಲ ಸಂಕಟ ಜಾಸ್ತಿಯೇ ಆಯಿತು. ಬರೀ ಆಟವಾಗಿದ್ದರೆ ವರ್ಷಗಟ್ಟಲೆ ಯಾಕೆ ನೋಡುತ್ತಿದ್ದೆ, ಅಲ್ವಾ? ಒಂದು ಸರಣಿಯನ್ನು ನೋಡದೇ ಇದ್ದೆ. ಐದು ನಿಮಿಷಕ್ಕೊಮ್ಮೆ ಕದ್ದು ಸ್ಕೋರ್ ನೋಡುವ ಕೆಲಸ ಹೆಚ್ಚಾಯಿತು ಅಷ್ಟೆ. ಈಗ ಬೇಜಾರು ಬಂದರೆ ಬರಲಿ ಎಂದು ಬಿಡುತ್ತೇನೆ. ಟಿವಿ ಆರಿಸಿ ಅರ್ಧ ಗಂಟೆ ನಡೆಯುತ್ತೇನೆ. ಮೊಬೈಲ್ ಮನೆಯಲ್ಲೇ ಇರುತ್ತದೆ. ಪಂದ್ಯದ ನಂತರದ ಚರ್ಚೆ ನೋಡುವುದಿಲ್ಲ. ಗಾಯವನ್ನು ಕೆರೆದು ಕೆರೆದು ತೋರಿಸುವುದೇ ಅವರ ಕಸುಬು.

ಇನ್ನೊಂದನ್ನು ಗಮನಿಸಿದ್ದೇನೆ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಅಮೆರಿಕದ ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳು "ನಾವು" ಎನ್ನುವುದು ಹೆಚ್ಚು, ಸೋತಾಗ ಕಡಿಮೆ. ಓದಿ ನನಗೆ ನಗು ಬಂತು. ನಾನೂ ಹಾಗೇ. ಗೆದ್ದರೆ "ಹೊಡೆದ್ವಿ", ಸೋತರೆ "ಇವರಿಗೆ ಆಡೋಕೇ ಬರಲ್ಲ". ಈಗ ಸೋತ ದಿನವೂ ಬೇಕೆಂದೇ "ಸೋತ್ವಿ" ಎನ್ನುತ್ತೇನೆ. ವಿಚಿತ್ರ ಅಂದರೆ, ಹಾಗೆ ಅಂದ ಮೇಲೆ ಆಟಗಾರರ ಮೇಲಿನ ಸಿಟ್ಟು ಇಳಿಯುತ್ತದೆ. ನಮ್ಮವರನ್ನು ಎಷ್ಟು ಅಂತ ಬೈಯುವುದು?

ಮರುವರ್ಷ ಜೂನ್ 29ಕ್ಕೆ ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾಕ್ಕೆ 30 ಎಸೆತದಲ್ಲಿ 30 ರನ್ ಬೇಕಿತ್ತು, 6 ವಿಕೆಟ್ ಕೈಯಲ್ಲಿತ್ತು. ನಾನು ಆಗಲೇ ಚಪ್ಪಲಿ ಹಾಕಿಕೊಂಡು ನಡೆಯಲು ಸಿದ್ಧನಾಗಿದ್ದೆ. ಕೊನೆಯ ಓವರ್‌ನಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆಯ ಹತ್ತಿರ ಅವರ ಬ್ಯಾಟರ್ ಮಿಲ್ಲರ್‌ನ ಕ್ಯಾಚ್ ಹಿಡಿದ. ನಾವು ಗೆದ್ದದ್ದು 7 ರನ್‌ನಿಂದ. ಆ ಚೆಂಡು ಗೆರೆ ದಾಟಿದ್ದರೆ ಸಿಕ್ಸರ್. ಕುಣಿದು ಸುಸ್ತಾದ ಮೇಲೆ ನೆನಪಾಯಿತು. ದಕ್ಷಿಣ ಆಫ್ರಿಕಾದಲ್ಲಿ ಯಾರೋ ಒಬ್ಬ ಈಗ ಟಿವಿ ಆರಿಸಿ, ನವೆಂಬರ್‌ನಲ್ಲಿ ನಾನು ಕೂತ ಹಾಗೆಯೇ ಕೂತಿರುತ್ತಾನೆ. ಅವನೂ ಒಬ್ಬ ಬ್ಯಾಟರ್‌ನನ್ನು ಹುಡುಕಿ ಬೈಯುತ್ತಿರುತ್ತಾನೆ.

ಆ ರಾತ್ರಿ ಗೆಳೆಯರ ಗುಂಪಿನಲ್ಲಿ ದಕ್ಷಿಣ ಆಫ್ರಿಕಾವನ್ನು ಆಡಿಕೊಳ್ಳುವ ಚಿತ್ರವೊಂದು ಬಂತು. ಬಲು ನಗು ತರಿಸುವಂಥದ್ದೇ. ನಕ್ಕೆ, ಆದರೆ ಫಾರ್ವರ್ಡ್ ಮಾಡಲಿಲ್ಲ. ಕಪ್ ಎತ್ತಿದ ಫೋಟೋವನ್ನು ಮಾತ್ರ ಮೂರು ದಿನ ಸ್ಟೇಟಸ್‌ನಿಂದ ತೆಗೆದಿರಲಿಲ್ಲ.