ವರ್ಷಾ ವರ್ಷಾ ಸೋರುವ ಮಾಳಿಗೆ: ಜಾಗ ಹುಡುಕಿ ಮುಚ್ಚಿದ ರೀತಿ

ಕಲಬುರಗಿಯಲ್ಲಿ ಮಾಳಿಗೆ ಸೋರಲು ಎಷ್ಟೋ ಸಲ ಮಳೆಗಿಂತ ಬಿಸಿಲೇ ಕಾರಣ. ಮೇ ತಿಂಗಳ ಮಧ್ಯಾಹ್ನ ಕಾದ ಸ್ಲ್ಯಾಬು ಹಿಗ್ಗುತ್ತದೆ, ಬೆಳಗಿನ ಜಾವಕ್ಕೆ ಕುಗ್ಗುತ್ತದೆ. 10 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿ.ಮೀ. ಸರಿದಾಡುತ್ತದೆ. ಸ್ಲ್ಯಾಬಿಗೂ ಪ್ಯಾರಾಪೆಟ್ ಗೋಡೆಗೂ ನಡುವಿನ ಸಂದಿಗೆ ಮೆತ್ತಿದ ಸಿಮೆಂಟು ಈ ಸರಿದಾಟ ತಾಳುವುದಿಲ್ಲ. ಬೇಸಿಗೆಯಲ್ಲಿ ಕೂದಲೆಳೆಯಷ್ಟು ಸೀಳಿಕೊಂಡು, ಮಳೆಗಾಲದಲ್ಲಿ ಮತ್ತೆ ಅದೇ ಮೂಲೆ ಒದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಆಗುತ್ತಿದ್ದುದೂ ಇದೇ.

ಮೊದಲು ಅದು ಮಳೆನೀರೇ ಹೌದೋ ನೋಡಿ. ಮಳೆಯಿಲ್ಲದ ದಿನಗಳಲ್ಲೂ ಕಲೆ ಹಸಿಯಾಗಿದ್ದರೆ ಟಾಂಕಿ, ಅದರ ಓವರ್‌ಫ್ಲೋ, ಸೋಲಾರ್ ಹೀಟರಿನ ಪೈಪು ಪರೀಕ್ಷಿಸಬೇಕು. ಫ್ಯಾನಿನ ಕೊಂಡಿಯಿಂದ ಹನಿ ಬಿದ್ದರೆ ನೀರು ವಯರಿನ ಪೈಪು ಹಿಡಿದು ದೂರದಿಂದ ಬಂದಿರಬಹುದು. ಆ ಕೋಣೆಯ ಕರೆಂಟು ಬಂದ್ ಮಾಡದೆ ಮುಟ್ಟಬೇಡಿ.

ಮಳೆ ಶುರುವಾದ ಕೂಡಲೇ ಒಳಗಿನ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದೆ. ಗಂಟೆಗೊಮ್ಮೆ ಹೊಸ ಗೆರೆ. ಎಲ್ಲಕ್ಕಿಂತ ದೊಡ್ಡ ಕಲೆಯಲ್ಲ, ಎಲ್ಲಕ್ಕಿಂತ ಮೊದಲು ಒದ್ದೆಯಾದ ಜಾಗವೇ ಮುಖ್ಯ. ಅಲ್ಲಿಂದ ಎರಡು ಗೋಡೆಗಳಿಗೆ ಟೇಪು ಹಿಡಿದು, ಗೋಡೆಯ ದಪ್ಪ ಕೂಡಿಸಿ, ಮಾಳಿಗೆಯ ಮೇಲೆ ಅದೇ ಅಳತೆಗೆ ಗುರುತು ಹಾಕಿದೆ. ಮೇಲೆ ಶಹಾಬಾದ್ ಫರ್ಸಿ (ಹಾಸುಗಲ್ಲು) ಹಾಸಿದ್ದರೆ ಗುರುತಿನ ಜಾಗವನ್ನೇ ಒಡೆಯಬಾರದು. ನೀರು ಫರ್ಸಿಯ ಸಂದಿಯಲ್ಲಿ ಇಳಿದು, ಕೆಳಗಿನ ಉಸುಕಿನಲ್ಲಿ ಇಳಿಜಾರು ಹಿಡಿದು ಹರಿದು, ಸ್ಲ್ಯಾಬಿನ ದುರ್ಬಲ ಜಾಗದಲ್ಲಿ ಕೆಳಗೆ ಬರುತ್ತದೆ. ಆದ್ದರಿಂದ ಗುರುತಿನಿಂದ ಇಳಿಜಾರಿಗೆ ಎದುರಾಗಿ, ಮೇಲ್ಮುಖವಾಗಿ ಹುಡುಕಿ.

ಖಚಿತಪಡಿಸಿಕೊಳ್ಳಲು ಮಾಳಿಗೆಯನ್ನು ಭಾಗ ಮಾಡಿ, 3 ಇಂಚಿನ ಮಣ್ಣಿನ ಬದು ಕಟ್ಟಿ, ನೀರು ಹೊರಹೋಗುವ ಪೈಪಿನ ಬಾಯಿ ಮುಚ್ಚಿ, 2 ಇಂಚು ನೀರು 24 ತಾಸು ನಿಲ್ಲಿಸಬೇಕು. ಶುರು ಮಾಡುವುದು ತಗ್ಗಿನ ಭಾಗದಿಂದಲೇ. ಎತ್ತರದಿಂದ ಶುರು ಮಾಡಿದರೆ ನೀರು ಒಳಗೊಳಗೇ ತಗ್ಗಿಗೆ ಇಳಿದು, ಯಾವ ಭಾಗ ಸೋರಿತೆಂದು ತಿಳಿಯುವುದಿಲ್ಲ. ಗರ್ಡರ್ ಮೇಲೆ ಶಹಾಬಾದ್ ಕಲ್ಲು ಕೂಡಿಸಿದ ಹಳೇ ಮಾಳಿಗೆಗೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. 2 ಇಂಚು ನೀರೆಂದರೆ ಚದರ ಮೀಟರಿಗೆ 50 ಕಿಲೊ ಭಾರ. ಅಲ್ಲಿ ಸಂದಿ ಸಂದಿಗೆ ಪೈಪಿನಿಂದ ನೀರು ಬಿಟ್ಟು ನೋಡಿದರೆ ಸಾಕು.

ಬಿರುಕು ಸಿಕ್ಕ ಮೇಲೆ ಅದು ಸರಿದಾಡುತ್ತದೋ ಇಲ್ಲವೋ ತಿಳಿಯಬೇಕು. ಎರಡೂ ಬದಿಗೆ ಒಂದೊಂದು ಗುರುತು ಮಾಡಿ, ಬೆಳಗ್ಗೆ 6ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಅಂತರ ಅಳೆಯಿರಿ. ವ್ಯತ್ಯಾಸ ಕಂಡರೆ ಸಿಮೆಂಟು ಕೆಲಸಕ್ಕೆ ಬರುವುದಿಲ್ಲ, ಸಂದಿಗೆ ತುಂಬಿದ ಮೇಲೆ ರಬ್ಬರಿನಂತೆ ಎಳೆದುಕೊಳ್ಳುವ ಪಾಲಿಯುರೆಥೇನ್ ಸೀಲಂಟೇ ಬೇಕು.

ಚಾಣದಿಂದ ಸಂದಿಯನ್ನು 12 ಮಿ.ಮೀ. ಅಗಲಕ್ಕೆ ಬಿಡಿಸಿ, ತಂತಿ ಬ್ರಷ್ ಹಾಕಿ, ಧೂಳು ಊದಿ ತೆಗೆದು, ಪೂರಾ ಒಣಗಿಸಿ. ತಳಕ್ಕೆ ಫೋಮಿನ ಹಗ್ಗ ಒತ್ತಬೇಕು. ಇದನ್ನು ಎಷ್ಟೋ ಗೌಂಡಿಗಳು ಬಿಟ್ಟುಬಿಡುತ್ತಾರೆ, ಕೆಲಸ ಕೆಡುವುದು ಅಲ್ಲಿಯೇ. ಸೀಲಂಟು ಎರಡು ಬದಿಗೆ ಮಾತ್ರ ಅಂಟಿದರೆ ಎಳೆದುಕೊಳ್ಳುತ್ತದೆ, ತಳಕ್ಕೂ ಅಂಟಿದರೆ ಸೀಳಿಹೋಗುತ್ತದೆ. ದಪ್ಪ 6 ಮಿ.ಮೀ. ಇರಲಿ, ಈ ಅಳತೆಗೆ 600 ಮಿ.ಲೀ. ಕೊಳವೆ ಸುಮಾರು 8 ಮೀಟರ್ ಬರುತ್ತದೆ.

ಸೀಲಂಟು ಗಟ್ಟಿಯಾಗಲು ಮೂರ್ನಾಲ್ಕು ದಿನ ಬಿಟ್ಟು, ಮೂಲೆಗೆ 1:3 ಸಿಮೆಂಟು-ಉಸುಕಿನ 3 ಇಂಚಿನ ಗೋಲಾ ಕೊಡಿ, ಅಂದರೆ ಮೂಲೆ ದುಂಡಗಾಗುವಂತೆ ಗಾರೆ ತುಂಬಿ. ಗೋಲಾ ಇರುವುದು ನೀರು ತಡೆಯಲಿಕ್ಕಲ್ಲ. ಆಮೇಲೆ ಅದರ ಮೇಲೆ ಹಾಸುವ ಫೈಬರ್ ಜಾಳಿಗೆ ಮೂಲೆಯಲ್ಲಿ ಮಡಚಿ ಪೊಳ್ಳು ಬೀಳದಿರಲಿ ಎಂದು. ಗೋಲಾ ಪೂರ್ತಿ ಒಣಗಿದ ಮೇಲೆ, ಸಮಪ್ರಮಾಣದ ನೀರು ಬೆರೆಸಿದ ಅಕ್ರಿಲಿಕ್ ಕೋಟಿಂಗ್ ಒಂದು ಕೈ. ನಂತರ ನೀರು ಬೆರೆಸದ ಕೋಟಿಂಗ್ ಬಳಿದು, ಹಸಿಯಿದ್ದಾಗಲೇ ಜಾಳಿಗೆ ಒತ್ತಿ. ಜಾಳಿಗೆಯ ತುಂಡುಗಳು 4 ಇಂಚು ಒಂದರ ಮೇಲೊಂದು ಬರಲಿ, ಗೋಡೆಯ ಮೇಲೆ 1 ಅಡಿ ಏರಲಿ. 6ರಿಂದ 8 ತಾಸಿನ ನಂತರ ಅಡ್ಡಲಾಗಿ ಇನ್ನೊಂದು ಕೈ. ನಮ್ಮ ಬಿಸಿಲಿಗೆ ಈ ಕೆಲಸ ಮುಂಜಾನೆ ಅಥವಾ ಸಂಜೆಯೇ ಆಗಬೇಕು. ಕಾದ ಸ್ಲ್ಯಾಬಿನ ಮೇಲೆ ಬಳಿದರೆ ಮೇಲೆ ಬೇಗ ಕೆನೆಗಟ್ಟಿ, ಕೆಳಗಿನ ತೇವ ಹೊರಹೋಗಲಾಗದೆ ಗುಳ್ಳೆ ಏಳುತ್ತದೆ.

ನೀರು ಹೋಗುವ ಪಿವಿಸಿ ಪೈಪಿನ ಸುತ್ತಲೂ ಇದೇ ಕ್ರಮ. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ, ಉಜ್ಜುಕಾಗದದಿಂದ ತರಿಯಾಗಿಸಿ ಸೀಲಂಟ್ ಹಾಕಿ.

7 ದಿನ ಬಿಟ್ಟು ಮತ್ತೆ ನೀರು ನಿಲ್ಲಿಸಿ ನೋಡಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಮಂಚದ ಕಾಲಿಗೆ ರಬ್ಬರ್ ಬಿರಡೆ ಹಾಕಿ, ಡಿಶ್ಶಿನ ಬೋಲ್ಟನ್ನು ಸ್ಲ್ಯಾಬಿನಲ್ಲಿ ಕೊರೆಸದೆ ಪ್ಯಾರಾಪೆಟ್ ಗೋಡೆಗೆ ಕೂಡಿಸಿ. ಮೃಗಶಿರಾ ಮಳೆಗೆ ಮುಂಚೆ ಪೈಪಿನ ಬಾಯಿಯ ಕಸ ತೆಗೆಯಿರಿ.