ಗಣಿಯ ಮರುತರಬೇತಿ: ಜೀವ ಉಳಿಸುವ ಡಬ್ಬಿಯನ್ನು ಕೈಗೆ ಕಲಿಸುವುದು ಹೇಗೆ?

ಭೂಗತ ಗಣಿಗಳ ಮರುತರಬೇತಿ ತರಗತಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ದೃಶ್ಯ ಒಂದೇ. ರಾತ್ರಿ ಪಾಳಿ ಮುಗಿಸಿ ಮೇಲೆ ಬಂದ ಮೂವತ್ತು ನಲವತ್ತು ಜನ ಒಂದು ಕೋಣೆಯಲ್ಲಿ ಕೂತಿರುತ್ತಾರೆ. ಗೋಡೆಯ ಮೇಲೆ ಸ್ಲೈಡುಗಳು ಓಡುತ್ತವೆ. ಮುಂದೆ ನಿಂತವರು ಸೆಲ್ಫ್ ರೆಸ್ಕ್ಯೂಯರ್ ಡಬ್ಬಿಯನ್ನು, ಅಂದರೆ ಗಣಿಯಲ್ಲಿ ಹೊಗೆ ತುಂಬಿದಾಗ ಉಸಿರಾಡುತ್ತ ಹೊರಬರಲು ಸೊಂಟಕ್ಕೆ ಕಟ್ಟಿಕೊಳ್ಳುವ ಸಾಧನವನ್ನು, ಎತ್ತಿ ತೋರಿಸಿ, 'ಹೀಗೆ ಬಿಚ್ಚಿ ಹೀಗೆ ಬಾಯಿಗೆ ಇಟ್ಟುಕೊಳ್ಳಬೇಕು' ಎಂದು ಹೇಳಿ ಮೇಜಿನ ಮೇಲೆ ಇಡುತ್ತಾರೆ. ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರ ಸಹಿ ಬೀಳುತ್ತದೆ. ಒಬ್ಬರ ಕೈಯೂ ಡಬ್ಬಿಯನ್ನು ಮುಟ್ಟಿರುವುದಿಲ್ಲ.

ಇದರ ಫಲ ಏನೆಂದು ಒಂದು ಅಣಕು ತೆರವಿನಲ್ಲಿ ನೋಡಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುರಂಗದಲ್ಲಿ ದುಡಿದವರೊಬ್ಬರು ಡಬ್ಬಿ ಬಿಚ್ಚಿದರು, ಬಾಯಿಗೆ ಇಟ್ಟುಕೊಂಡರು, ಸರಸರನೆ ನಡೆದೇಬಿಟ್ಟರು. ಮೂಗಿನ ಕ್ಲಿಪ್ಪು ಎದೆಯ ಮೇಲೆ ತೂಗಾಡುತ್ತಿತ್ತು. ನಿಜವಾದ ಹೊಗೆಯಿದ್ದರೆ ಅವರು ಬಹಳ ದೂರ ಹೋಗುತ್ತಿರಲಿಲ್ಲ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ತೆರೆದ ಮೂಗಿನಿಂದ ಒಳಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಆ ದಿನದಿಂದ ನನ್ನ ತರಗತಿಯಲ್ಲಿ ಮಾತು ಕಡಿಮೆ, ಕೈಕೆಲಸ ಹೆಚ್ಚು. ಮರುತರಬೇತಿ ನಡೆಸುವ ಹೊಣೆ ಹೊತ್ತ ಮೇಸ್ತ್ರಿಗಳಿಗೆ, ಸುರಕ್ಷತಾ ಅಧಿಕಾರಿಗಳಿಗೆ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಪಠ್ಯಕ್ರಮಕ್ಕೆ ಮೊದಲು ಗಣಿಯನ್ನು ಓದಿ

ಕಳೆದ ಒಂದು ವರ್ಷದ ಅಪಘಾತ ಪುಸ್ತಕ ಮತ್ತು ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳ ಪುಸ್ತಕ ಎರಡನ್ನೂ ಓದಿ. ಎರಡನೆಯದು ಖಾಲಿಯಿದ್ದರೆ ಗಣಿ ಸುರಕ್ಷಿತವಾಗಿದೆ ಎಂದುಕೊಳ್ಳಬೇಡಿ, ಯಾರೂ ಬರೆಯುತ್ತಿಲ್ಲ ಎಂದರ್ಥ. ಒಂದು ಪೂರ್ತಿ ಪಾಳಿ ಕಾರ್ಮಿಕರ ಜೊತೆ ಕೆಳಗೆ ಇದ್ದು, ಡಬ್ಬಿಯನ್ನು ಯಾರು ಎಲ್ಲಿ ಇಡುತ್ತಾರೆ ಎಂಬುದನ್ನು ನೋಡಿ. ಸೊಂಟದಲ್ಲಿ ಭಾರ ಎಂದು ಬಿಚ್ಚಿ ಯಂತ್ರದ ಮೇಲೆ ಇಡುವವರು, ಊಟದ ಹೊತ್ತಿಗೆ ಅದರ ಮೇಲೆ ಕೂರುವವರು ಸಿಕ್ಕೇ ಸಿಗುತ್ತಾರೆ. ನಿಮ್ಮ ಮೊದಲ ಪಾಠ ಅಲ್ಲಿದೆ.

ಹಂತ 2: ಒಂದು ದಿನಕ್ಕೆ ಒಂದೇ ಕೌಶಲ

ಅನಿಲ, ಚಾವಣಿ, ಸಿಡಿಮದ್ದು, ವಿದ್ಯುತ್ತು, ಸಾಗಣೆ ಎಲ್ಲವನ್ನೂ ಒಂದೇ ದಿನದಲ್ಲಿ ತುರುಕಬೇಡಿ.

ಹಂತ 3: ಹೊತ್ತು, ಜಾಗ, ಜನ

ಪಾಳಿಯ ಆರಂಭದಲ್ಲೇ ತರಬೇತಿ ಇಡಿ. ದುಡಿದು ದಣಿದ ಮೈಗೆ ಕಲಿಸಲು ಆಗುವುದಿಲ್ಲ. ಒಬ್ಬ ತರಬೇತುದಾರರಿಗೆ ಎಂಟು ಜನ, ಹೆಚ್ಚೆಂದರೆ ಹತ್ತು. ತರಬೇತಿಯ ಹೊತ್ತಿಗೂ ಕೂಲಿ ಕೊಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1995ರಲ್ಲಿ ಅಂಗೀಕರಿಸಿದ ಗಣಿ ಸುರಕ್ಷತೆಯ 176ನೇ ಒಪ್ಪಂದವು ಕಾರ್ಮಿಕರಿಗೆ ಯಾವ ಖರ್ಚೂ ಬೀಳದಂತೆ ತರಬೇತಿ, ಮರುತರಬೇತಿ ಎರಡನ್ನೂ ಕೊಡಬೇಕು, ಸೂಚನೆಗಳು ಅವರಿಗೆ ಅರ್ಥವಾಗುವಂತೆ ಇರಬೇಕು ಎಂದು ಹೇಳುತ್ತದೆ. ರಜೆಯ ದಿನ ಕರೆಸಿ ಕೂರಿಸುವುದು ಈ ಮಾತಿನ ಆಶಯಕ್ಕೇ ವಿರುದ್ಧ.

ಕಲಿಸುವವರು ಯಾರಾಗಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಅದೇ ಗಣಿಯಲ್ಲಿ ಅದೇ ಕೆಲಸ ಮಾಡುವ ಒಬ್ಬ ಹಿರಿಯ ಕೆಲಸಗಾರ. ಹೊರಗಿನ ಪರಿಣತರು ಆ ಹಿರಿಯರಿಗೆ ಕಲಿಸಲಿ. ಗುಂಪಿಗೆ ಕಲಿಸುವುದು ಹಿರಿಯರ ಕೆಲಸ.

ಹಂತ 4: ಡಬ್ಬಿ ಧರಿಸುವ ಅಭ್ಯಾಸ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೋಗೋಣ.

ಮೊದಲು ನಿಮ್ಮ ಗಣಿಯಲ್ಲಿರುವುದು ಯಾವ ಬಗೆಯ ಡಬ್ಬಿ ಎಂಬುದು ಪ್ರತಿಯೊಬ್ಬರಿಗೂ ತಿಳಿದಿರಬೇಕು. ಹೊರಗಿನ ಗಾಳಿಯನ್ನು ಸೋಸಿ ಕೊಡುವ ಶೋಧಕ ಬಗೆಯದರಲ್ಲಿ ಹಾಪ್ಕಲೈಟ್ ಎಂಬ ಮಿಶ್ರಣವಿರುತ್ತದೆ, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ತಾಮ್ರದ ಆಕ್ಸೈಡ್. ಅದು ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಬದಲಿಸುತ್ತದೆ, ಅಷ್ಟೇ, ಆಮ್ಲಜನಕವನ್ನು ಕೊಡುವುದಿಲ್ಲ. ಗಾಳಿಯಲ್ಲೇ ಆಮ್ಲಜನಕ ಇಳಿದಿದ್ದರೆ ಈ ಡಬ್ಬಿಯಿಂದ ಉಪಯೋಗವಿಲ್ಲ. ಎರಡನೆಯದು ತಾನೇ ಆಮ್ಲಜನಕ ಕೊಡುವ ಬಗೆ. ಇದರಲ್ಲಿ ಒತ್ತಿ ತುಂಬಿದ ಆಮ್ಲಜನಕ ಇರಬಹುದು, ಇಲ್ಲವೇ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಇರಬಹುದು. ಪೊಟ್ಯಾಸಿಯಂ ಸೂಪರ್‌ಆಕ್ಸೈಡು ನಾವು ಬಿಟ್ಟ ಉಸಿರಿನ ತೇವ ಮತ್ತು ಕಾರ್ಬನ್ ಡೈಆಕ್ಸೈಡಿನ ಜೊತೆ ಸೇರಿ ಆಮ್ಲಜನಕವನ್ನು ಹೊರಬಿಡುತ್ತದೆ. ಎರಡು ಬಗೆಯೂ ಇರುವ ಗಣಿಯಲ್ಲಿ ಬೇರೆ ಬೇರೆ ದಿನ ಕಲಿಸಿ. ಒಂದೇ ದಿನ ಕಲಿಸಿದರೆ ಎರಡೂ ತಲೆಯಲ್ಲಿ ಕಲಸಿಹೋಗುತ್ತವೆ.

ಈಗ ಧರಿಸುವ ಕ್ರಮ. ಆಮ್ಲಜನಕ ಕೊಡುವ ಡಬ್ಬಿಗೆ ಅಮೆರಿಕದ ಗಣಿ ಸಂಶೋಧಕರು ರೂಪಿಸಿದ '3+3' ಎಂಬ ಕ್ರಮವಿದೆ. ನಾನು ಕಂಡ ವಿಧಾನಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ನಿಂತುಕೊಂಡು ಮಾಡಬೇಡಿ, ಮಂಡಿಯೂರಿ. ಡಬ್ಬಿಯನ್ನು ಎದುರಿಗೆ ನೆಲದ ಮೇಲೆ ಇಡಿ. ತಲೆಯ ಟೋಪಿ ತೆಗೆದು, ಅದರ ದೀಪದ ಬೆಳಕು ಡಬ್ಬಿಯ ಮೇಲೆ ಬೀಳುವಂತೆ ಪಕ್ಕದಲ್ಲಿಡಿ. ಪಟ್ಟಿಯನ್ನು ಕೊರಳಿಗೆ ಹಾಕಿ. ಇನ್ನು ಮೊದಲ ಮೂರು, ಜೀವ ಉಳಿಸುವ ಮೂರು: ಆಮ್ಲಜನಕ ಚಾಲೂ ಮಾಡುವುದು, ಬಾಯಿತುಂಡನ್ನು ಹಲ್ಲು ತುಟಿಗಳ ನಡುವೆ ಕೂರಿಸುವುದು, ಮೂಗಿಗೆ ಕ್ಲಿಪ್ಪು ಹಾಕುವುದು. ಇಷ್ಟಾದರೆ ಶ್ವಾಸಕೋಶ ಹೊರಗಿನ ಗಾಳಿಯಿಂದ ಬೇರೆಯಾಯಿತು. ಆಮೇಲಿನ ಮೂರಕ್ಕೆ ಸ್ವಲ್ಪ ಸಮಯವಿದೆ: ಕನ್ನಡಕ ಹಾಕುವುದು, ಪಟ್ಟಿ ಬಿಗಿಯುವುದು, ಟೋಪಿ ಹಾಕಿ ಹೊರಡುವುದು.

ಕಲಿಸುವಾಗ ಹೇಳಿಕೊಡುವುದಕ್ಕಿಂತ ಹೇಳಿಸುವುದು ಒಳ್ಳೆಯದು. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಮಾಡಲಿ, ಇನ್ನೊಬ್ಬರು ಗಟ್ಟಿಯಾಗಿ 'ಆಮ್ಲಜನಕ, ಬಾಯಿ, ಮೂಗು' ಎಂದು ಹೇಳುತ್ತ ನೋಡಲಿ. ತಪ್ಪಾದರೆ ಮಧ್ಯದಿಂದ ತಿದ್ದಬೇಡಿ, ಮೊದಲಿನಿಂದ ಮಾಡಿಸಿ. ಮಧ್ಯದಲ್ಲಿ ತಿದ್ದಿದರೆ ಕೈ ಆ ತಪ್ಪನ್ನೂ ಸೇರಿಸಿಯೇ ನೆನಪಿಟ್ಟುಕೊಳ್ಳುತ್ತದೆ. ತಪ್ಪಿಲ್ಲದೆ ಸತತ ಮೂರು ಸಲ ಬರುವವರೆಗೆ ಬಿಡಬಾರದು. ವೇಗದ ಮಾತು ಆಮೇಲೆ. ಮೊದಲ ದಿನವೇ ಗಡಿಯಾರ ಹಿಡಿದು ಪಂದ್ಯ ಕಟ್ಟುವವರನ್ನು ನೋಡಿದ್ದೇನೆ. ಆ ಗುಂಪುಗಳಲ್ಲಿ ಮೊದಲು ಮರೆತುಹೋಗುವುದು ಮೂಗಿನ ಕ್ಲಿಪ್ಪು.

ಅಭ್ಯಾಸದ ಮಾದರಿ ಡಬ್ಬಿಯ ಬಗ್ಗೆ ಒಂದು ಮಾತು. ಹಗುರ ಪ್ಲಾಸ್ಟಿಕ್ಕಿನ ಪೊಳ್ಳು ಮಾದರಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳ ಮುಚ್ಚಳ ಬೆರಳು ತಾಕಿಸಿದರೆ ತೆರೆದುಕೊಳ್ಳುತ್ತದೆ, ಉಸಿರು ಸಲೀಸಾಗಿ ಆಡುತ್ತದೆ. ಕೊಳ್ಳಬೇಡಿ. ನಿಜವಾದ ಡಬ್ಬಿಯ ಮುಚ್ಚಳ ಬಲವಾಗಿ ಎಳೆಯದೆ ಬರುವುದಿಲ್ಲ. ತೂಕ, ಮುಚ್ಚಳದ ಬಿಗಿ, ಉಸಿರಿನ ತಡೆ ಈ ಮೂರೂ ನಿಜದಂತಿರುವ ಮಾದರಿ ಎರಡೇ ಇದ್ದರೂ ಸಾಕು. ಹಾಗೆಂದು ಬಳಕೆಯಲ್ಲಿರುವ ಡಬ್ಬಿಯನ್ನು ಪಾಠಕ್ಕಾಗಿ ಬಿಚ್ಚಬೇಡಿ. ಒಮ್ಮೆ ಮುದ್ರೆ ಒಡೆದರೆ ಅದರ ಕತೆ ಮುಗಿಯಿತು; ಒಳಗಿನ ರಾಸಾಯನಿಕಕ್ಕೆ ನೀರು, ಎಣ್ಣೆ ತಾಗಿದರೆ ಬೆಂಕಿಯ ಅಪಾಯವೂ ಇದೆ.

ಧರಿಸಿದ ಮೇಲೆ ಹೇಗನ್ನಿಸುತ್ತದೆ ಎಂಬುದು ಹೆಚ್ಚಿನ ತರಗತಿಗಳಲ್ಲಿ ಬರುವುದೇ ಇಲ್ಲ. ಎರಡು ಬಗೆಯ ಡಬ್ಬಿಯಲ್ಲೂ ಒಳಬರುವ ಗಾಳಿ ಬೆಚ್ಚಗಿರುತ್ತದೆ, ಕೆಲವೊಮ್ಮೆ ಬಿಸಿಯೇ ಅನ್ನಿಸುತ್ತದೆ. ಗಂಟಲು ಒಣಗುತ್ತದೆ. ಉಸಿರೆಳೆಯಲು ಶ್ರಮಪಡಬೇಕು. ಜೊಲ್ಲು ತುಂಬಿದರೆ ಉಗುಳಬಾರದು, ನುಂಗಬೇಕು. ಇದು ಯಾವುದೂ ಗೊತ್ತಿಲ್ಲದವರು 'ಡಬ್ಬಿ ಕೆಟ್ಟಿದೆ' ಎಂದು ಕಿತ್ತೆಸೆಯುತ್ತಾರೆ. ಬಿಸಿ ಎಂದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಶೋಧಕ ಬಗೆಯಲ್ಲಂತೂ ಹೊರಗೆ ವಿಷ ಹೆಚ್ಚಿದಷ್ಟೂ ಒಳಗಿನ ಗಾಳಿಯ ಬಿಸಿ ಹೆಚ್ಚುತ್ತದೆ. 'ಬಿಸಿ ಎಂದರೆ ಕೆಲಸ ಮಾಡುತ್ತಿದೆ' ಎಂಬ ವಾಕ್ಯವನ್ನು ಪ್ರತಿಯೊಬ್ಬರ ಬಾಯಲ್ಲೂ ಹೇಳಿಸಿ.

2006ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು. ಒಳಗೆ ಸಿಕ್ಕಿಬಿದ್ದ ಗುಂಪಿನಲ್ಲಿ ಉಳಿದವರು ಒಬ್ಬರೇ. ತಮ್ಮ ಗುಂಪಿನ ಕೆಲವು ಡಬ್ಬಿಗಳು ಕೆಲಸ ಮಾಡಲಿಲ್ಲ ಎಂದು ಅವರು ಹೇಳಿದರು. ಆಮೇಲೆ ಆ ಡಬ್ಬಿಗಳನ್ನು ಪರೀಕ್ಷಿಸಿದ ಸರ್ಕಾರಿ ತನಿಖೆ, ಅವು ಆಮ್ಲಜನಕ ಕೊಡಬಲ್ಲ ಸ್ಥಿತಿಯಲ್ಲಿದ್ದವು ಎಂದಿತು. ಆ ಕತ್ತಲೆಯಲ್ಲಿ ಆ ಗುಂಪಿನವರು ಪಟ್ಟ ಪಾಡನ್ನು ಹೊರಗಿನಿಂದ ತೂಗಿ ತೀರ್ಪು ಕೊಡುವ ಹಕ್ಕು ನಮಗ್ಯಾರಿಗೂ ಇಲ್ಲ. ಆದರೆ ಆ ದುರಂತದ ನಂತರ ಅಮೆರಿಕದ ಭೂಗತ ಕಲ್ಲಿದ್ದಲು ಗಣಿಗಳಿಗೆ ಬಂದ ನಿಯಮವನ್ನು ಎಲ್ಲರೂ ತಿಳಿಯಬೇಕು: ಡಬ್ಬಿ ಧರಿಸುವ ಅಭ್ಯಾಸ ಮೂರು ತಿಂಗಳಿಗೊಮ್ಮೆ, ನಿಜವಾದ ಬಿಸಿ ಮತ್ತು ಉಸಿರಿನ ತಡೆಯನ್ನು ಅನುಭವಕ್ಕೆ ತರುವ ತರಬೇತಿ ಡಬ್ಬಿಯಲ್ಲಿ ಉಸಿರಾಡಿಸುವುದು ವರ್ಷಕ್ಕೊಮ್ಮೆ.

ಚಾಲೂ ಆಗದ ಡಬ್ಬಿಯ ಪಾಠವನ್ನೂ ಬಿಡಬೇಡಿ. ಹಲವು ಮಾದರಿಗಳಲ್ಲಿ ಆರಂಭದ ಆಮ್ಲಜನಕ ಬರದಿದ್ದರೆ ನಮ್ಮ ಉಸಿರನ್ನೇ ಕೆಲವು ಸಲ ಊದಿ ಡಬ್ಬಿಯ ಉಸಿರಿನ ಚೀಲ ತುಂಬಿಸಿ ಎಬ್ಬಿಸುವ ದಾರಿ ಇರುತ್ತದೆ. ತಯಾರಕರ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಏನು ಹೇಳಿದೆಯೋ ಅದನ್ನು ಮಾತ್ರ ಕಲಿಸಿ.

ಧರಿಸಿ ನಡೆಯುವಾಗ ಓಡಬಾರದು. 60 ನಿಮಿಷದ ಡಬ್ಬಿ ಎಂದರೆ ಎಲ್ಲರಿಗೂ 60 ನಿಮಿಷ ಎಂದಲ್ಲ. ಓಡಿದವರಿಗೆ ಬೇಗ ಮುಗಿಯುತ್ತದೆ, ಸುಮ್ಮನೆ ಕೂತವರಿಗೆ ಹೆಚ್ಚು ಹೊತ್ತು ಬರುತ್ತದೆ. ಚೀಲ ಚಪ್ಪಟೆಯಾಗಿ ಉಸಿರು ಸಾಲದೆ ಬಂದರೆ ನಡಿಗೆ ನಿಧಾನ ಮಾಡಬೇಕು. ಮಾತಾಡಲೆಂದು ಬಾಯಿತುಂಡು ತೆಗೆಯಬಾರದು, ಒಂದು ಮಾತಿಗೂ. ಅದಕ್ಕಾಗಿ ಕೈಸನ್ನೆ, ದೀಪದ ಸನ್ನೆಗಳನ್ನು ಗುಂಪೇ ಕೂತು ನಿಗದಿ ಮಾಡಿಕೊಳ್ಳಲಿ. ತಾವೇ ಒಪ್ಪಿಕೊಂಡದ್ದು ನೆನಪಿನಲ್ಲಿ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಒತ್ತುತ್ತಾ ಹೋಗಿ ಕೊನೆಯಲ್ಲಿ ಹತ್ತು ಪ್ರಶ್ನೆಗೆ ಟಿಕ್ ಹಾಕುವ ಪಾಠಗಳ ವಿಷಯ. ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಇದ್ದಾಗ ಸ್ಫೋಟಿಸಬಲ್ಲದು, ಹಗುರವಾದ್ದರಿಂದ ಚಾವಣಿಯ ಕೆಳಗೆ ಸೇರುತ್ತದೆ ಎಂಬಂಥ ತಿಳಿವಳಿಕೆಗೆ ಅವು ಸಾಕು. ಕೈಕೆಲಸಕ್ಕೆ ಸಾಲವು. ಅಂಥ ಪಾಠದ ಪ್ರಮಾಣಪತ್ರ ನೋಡಿ ಯಾರನ್ನೂ ಕೆಳಗೆ ಇಳಿಸಬೇಡಿ.

ಇದೇ ಕ್ರಮ ಬೇರೆ ಕೌಶಲಗಳಿಗೂ ಹೊಂದುತ್ತದೆ. ಚಾವಣಿಯನ್ನು ಸಬ್ಬಲಿನಿಂದ ಬಡಿದು ನೋಡುವುದನ್ನೇ ತೆಗೆದುಕೊಳ್ಳಿ. ಗಟ್ಟಿ ಬಂಡೆ ಖಣಿಲ್ ಎನ್ನುತ್ತದೆ, ಬಿಟ್ಟುಕೊಂಡ ಬಂಡೆ ಡೊಳ್ಳಿನಂತೆ ದಬದಬ ಎನ್ನುತ್ತದೆ. ವರ್ಷಗಟ್ಟಲೆ ಯಂತ್ರಗಳ ಸದ್ದಿನಲ್ಲಿ ದುಡಿದ ಹಿರಿಯರಿಗೆ ಕಿವಿ ಮಂದವಾಗಿದ್ದರೆ ಈ ವ್ಯತ್ಯಾಸ ಕೇಳಿಸುವುದಿಲ್ಲ, ಹೇಳಿಕೊಳ್ಳಲು ಸಂಕೋಚ. ಅವರಿಗೆ ಇನ್ನೊಂದು ಕೈಯ ಬೆರಳನ್ನು ಬಂಡೆಗೆ ಒತ್ತಿ ಅದುರು ಹಿಡಿಯುವುದನ್ನು ಕಲಿಸಿ. ತಾವು ಮಾತ್ರ ಗಟ್ಟಿ ಚಾವಣಿಯ ಕೆಳಗೇ ನಿಂತಿರಬೇಕು.

ಹಂತ 5: ಕತ್ತಲಲ್ಲಿ ಪರೀಕ್ಷೆ

ದೀಪ ಆರಿಸಿ, ಇಲ್ಲವೇ ಹೊಗೆ ಬಳಿದಂತಹ ಕನ್ನಡಕ ಹಾಕಿಸಿ. ಎಚ್ಚರಿಕೆ ಕೊಡದೆ ಕರೆ ಕೊಡಿ. ಪರೀಕ್ಷಕರ ಬಾಯಿಂದ ಒಂದು ಸುಳಿವೂ ಬರಬಾರದು. ಧರಿಸಿದ ಮೇಲೆ ಹೊರದಾರಿಯ ಹಗ್ಗ ಹಿಡಿದು ನಡೆಯಲಿ. ಆ ಹಗ್ಗಕ್ಕೆ ಕಟ್ಟಿದ ಶಂಕುಗಳ ಮೊನೆ ಗಣಿಯ ಒಳಭಾಗಕ್ಕೆ, ಬುಡ ಹೊರಭಾಗಕ್ಕೆ ಇರುವಂತೆ ಕಟ್ಟಿರುತ್ತಾರೆ. ಹೊರಗೆ ಹೋಗುವ ಕೈ ಅವುಗಳ ಮೇಲೆ ಜಾರುತ್ತದೆ, ದಿಕ್ಕು ತಪ್ಪಿದ ಕೈಗೆ ಬುಡ ಅಡ್ಡ ಸಿಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕಣ್ಣು ಕಟ್ಟಿ ಎರಡೂ ದಿಕ್ಕಿಗೆ ನಡೆಸಿ.

ತಪ್ಪಿದವರನ್ನು ಎಲ್ಲರ ಮುಂದೆ ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಲ ಗೊತ್ತಿಲ್ಲದ್ದನ್ನು ಮುಚ್ಚಿಡುತ್ತಾರೆ. ಪಕ್ಕಕ್ಕೆ ಕರೆದು ಆ ದಿನವೇ ಮತ್ತೆ ಅಭ್ಯಾಸ ಮಾಡಿಸಿ. ಬರುವವರೆಗೆ ಕೆಳಗೆ ಇಳಿಸಬೇಡಿ, ಆ ದಿನದ ಕೂಲಿಯನ್ನೂ ಕಡಿಯಬೇಡಿ.

ಹಂತ 6: ದಾಖಲೆ ಮತ್ತು ಮುಂದಿನ ದಿನಾಂಕ

ಹಾಜರಿಯ ಸಹಿಯ ಪಕ್ಕದಲ್ಲಿ ಮೂರು ಕಾಲಂ ಸೇರಿಸಿ: ಎಷ್ಟನೆಯ ಪ್ರಯತ್ನದಲ್ಲಿ ಸರಿಯಾಯಿತು, ಯಾವ ಹೆಜ್ಜೆಯಲ್ಲಿ ತಪ್ಪಿತು, ನೋಡಿದವರು ಯಾರು. ಎರಡನೆಯ ಕಾಲಮ್ಮನ್ನು ತಿಂಗಳ ಕೊನೆಯಲ್ಲಿ ಓದಿ. ಒಂದೇ ಹೆಜ್ಜೆಯಲ್ಲಿ ಹಲವರು ತಪ್ಪಿದ್ದರೆ ತಪ್ಪು ಕಲಿಸಿದ ರೀತಿಯದು. ಈ ಕೌಶಲ ಕೆಲವೇ ತಿಂಗಳಲ್ಲಿ ಮಾಸುತ್ತದೆ, ವರ್ಷಕ್ಕೊಮ್ಮೆ ಮಾಡಿದರೆ ಸಾಲದು. ಆದ್ದರಿಂದ ಗುಂಪು ಕೋಣೆಯಿಂದ ಹೊರಡುವ ಮೊದಲೇ ಮೂರು ತಿಂಗಳ ಮುಂದಿನ ದಿನಾಂಕವನ್ನು ಪಾಳಿಪಟ್ಟಿಯಲ್ಲಿ ಬರೆಸಿ, ಪಾಳಿಯ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಿ.